ಮಿರರ್ ಹಿಂದೆ ಬಿದ್ದಾಗ: ಮೂರು ಪಟ್ಟಿ ಹಿಡಿದು ದೋಷ ಹುಡುಕುವ ಬಗೆ

ಮಿರರ್ ಎಂದರೆ ಬೇರೆಡೆ ಇರುವ ಗಿಟ್ ರೆಪೊದ (ಕೋಡ್ ಭಂಡಾರದ) ನಕಲನ್ನು ಇಟ್ಟುಕೊಂಡು ಇತರರಿಗೂ ಕೊಡುವ ಸರ್ವರ್. ನಿಂತುಹೋದ ಮಿರರ್‌ಗಿಂತ, ನಡೆಯುತ್ತಿದ್ದೇನೆ ಎನ್ನುತ್ತ ಹಳೆಯದನ್ನೇ ಬಡಿಸುವ ಮಿರರ್ ಹೆಚ್ಚು ಅಪಾಯಕಾರಿ. ನಿಂತದ್ದನ್ನು ಯಾರಾದರೂ ಅದೇ ದಿನ ಗಮನಿಸುತ್ತಾರೆ. ಎರಡನೆಯದು ಲಾಗ್‌ನಲ್ಲಿ ಪ್ರತಿ ಸಲ ‘ಆಯಿತು’ ಎಂದು ಬರೆಯುತ್ತ ತಿಂಗಳುಗಟ್ಟಲೆ ಸಾಗುತ್ತದೆ. ಅಷ್ಟರಲ್ಲಿ ಅದರಿಂದ ಕೋಡ್ ಇಳಿಸಿಕೊಂಡವರು, ಮೂಲದಲ್ಲಿ ಎಂದೋ ಸರಿಪಡಿಸಿದ ಭದ್ರತಾ ಲೋಪವನ್ನು ತಮ್ಮ ಯಂತ್ರಕ್ಕೆ ತಂದುಕೊಂಡಿರುತ್ತಾರೆ. ಈ ಕೈಪಿಡಿ ಹೆಚ್ಚಾಗಿ ಆ ಎರಡನೆಯ ಬಗೆಯ ದೋಷದ ಬಗ್ಗೆ.

ಇಲ್ಲಿ ಕಣ್ಣ ಮುಂದಿರುವ ವ್ಯವಸ್ಥೆ ಇಷ್ಟು: ದಾವಣಗೆರೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್, ಚಿತ್ರದುರ್ಗದಲ್ಲಿ ಯುಎಸ್‌ಬಿ ಡಿಸ್ಕ್ ಚುಚ್ಚಿದ ಒಂದು ರಾಸ್ಪ್‌ಬೆರಿ ಪೈ 4. ಎರಡರಲ್ಲೂ ಡೆಬಿಯನ್. ಎರಡನ್ನೂ ನೋಡಿಕೊಳ್ಳುವವರು ಸ್ವಯಂಸೇವಕರು, ಅದೂ ಕೆಲಸ ಮುಗಿಸಿ ಬಂದ ಮೇಲೆ. ಗುಬ್ಬಿ, ನವಿಲು, ಲೋಹಿತ್ ಕನ್ನಡದಂಥ ಫಾಂಟ್‌ಗಳ ಸಣ್ಣ ರೆಪೊಗಳಿಂದ ಹಿಡಿದು ಲಿನಕ್ಸ್ ಕರ್ನಲ್‌ನಂಥ ದೊಡ್ಡದರವರೆಗೆ ಎಲ್ಲಕ್ಕೂ ಕ್ರಮ ಒಂದೇ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು ಮೂರು ಪಟ್ಟಿ

ಯಾವ ಫೈಲನ್ನೂ ಮುಟ್ಟುವ ಮುನ್ನ, ಯಾವುದನ್ನೂ ರೀಸ್ಟಾರ್ಟ್ ಮಾಡುವ ಮುನ್ನ ಮೂರು ಪಟ್ಟಿ ತೆಗೆದುಕೊಳ್ಳಿ. ರೆಫ್ ಎಂದರೆ ಒಂದು ಕಮಿಟ್ (ಉಳಿಸಿಟ್ಟ ಬದಲಾವಣೆ) ತೋರಿಸುವ ಹೆಸರು, ಬ್ರ್ಯಾಂಚ್ ಅಥವಾ ಟ್ಯಾಗ್‌ನಂಥದ್ದು. ಬೇಕಾದ ಪಟ್ಟಿಗಳು: ಮೂಲ ಸರ್ವರ್‌ನಲ್ಲಿ ಇರುವ ರೆಫ್‌ಗಳು, ನಿಮ್ಮ ಡಿಸ್ಕ್‌ನಲ್ಲಿ ಇರುವ ರೆಫ್‌ಗಳು, ಹೊರಗಿನವರಿಗೆ ನಿಮ್ಮ ಮಿರರ್ ತೋರಿಸುತ್ತಿರುವ ರೆಫ್‌ಗಳು. ಅವನ್ನು ಅ, ಆ, ಇ ಎಂದು ಕರೆಯೋಣ.

ಗಿಟ್ ಎಲ್‌ಎಸ್-ರಿಮೋಟ್ --ರೆಫ್ಸ್ ಮೂಲದ-ವಿಳಾಸ > ಅ
ಗಿಟ್ ಎಲ್‌ಎಸ್-ರಿಮೋಟ್ --ರೆಫ್ಸ್ /ಎಸ್‌ಆರ್‌ವಿ/ಗಿಟ್/ನವಿಲು.ಗಿಟ್ > ಆ
ಗಿಟ್ ಎಲ್‌ಎಸ್-ರಿಮೋಟ್ --ರೆಫ್ಸ್ ಮಿರರ್‌ನ-ಹೊರ-ವಿಳಾಸ > ಇ
ಷಾ256ಸಮ್ ಅ ಆ ಇ

ಕೊನೆಯ ಆಜ್ಞೆ ಪ್ರತಿ ಪಟ್ಟಿಗೂ ಒಂದು ಮೊತ್ತ (ಬೆರಳಚ್ಚಿನಂಥ ಗುರುತು) ಕೊಡುತ್ತದೆ; ಮೊತ್ತ ಒಂದೇ ಆದರೆ ಪಟ್ಟಿಯೂ ಒಂದೇ. ‘--ರೆಫ್ಸ್’ ಬಿಡಬೇಡಿ. ಅದಿಲ್ಲದಿದ್ದರೆ ಹೆಡ್ (ಕ್ಲೋನ್ ಮಾಡಿದಾಗ ತಾನಾಗಿ ತೆರೆಯುವ ಬ್ರ್ಯಾಂಚ್ ತೋರಿಸುವ ಗುರುತು) ಸಾಲೂ, ಟ್ಯಾಗ್‌ಗಳ ಒಳಗಿನ ಕಮಿಟ್ ತೋರಿಸುವ ಹೆಚ್ಚುವರಿ ಸಾಲುಗಳೂ ಸೇರಿಕೊಂಡು ಹೋಲಿಕೆ ಗೊಂದಲವಾಗುತ್ತದೆ. ಪಟ್ಟಿ ಹೆಸರಿನ ಕ್ರಮದಲ್ಲೇ ಬರುತ್ತದೆ, ಮತ್ತೆ ಸಾರ್ಟ್ ಮಾಡುವ ಅಗತ್ಯವಿಲ್ಲ. ಮಾಡಲೇಬೇಕಾದರೆ ಎರಡೂ ಕಡೆ ಎಲ್‌ಸಿ_ಆಲ್=ಸಿ ಇಟ್ಟು ಮಾಡಿ; ಒಂದು ಯಂತ್ರದ ಲೊಕೇಲ್ ಕನ್ನಡ, ಇನ್ನೊಂದರದು ಇಂಗ್ಲಿಷ್ ಆಗಿದ್ದರೆ ಸಾರ್ಟ್‌ನ ಕ್ರಮವೇ ಬೇರೆಯಾಗಿ, ಇಲ್ಲದ ವ್ಯತ್ಯಾಸ ಕಾಣುತ್ತದೆ.

ಮೂರನೆಯ ಪಟ್ಟಿಯನ್ನು ಸರ್ವರ್ ಇರುವ ಮನೆಯ ವೈಫೈನಿಂದ ತೆಗೆಯಬೇಡಿ. ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗಿ ತೆಗೆಯಿರಿ. ಒಳಗಿನಿಂದ ಕೇಳಿದಾಗ ಹೋಸ್ಟ್ಸ್ ಫೈಲ್ ಅಥವಾ ರೂಟರ್ ನಿಮ್ಮನ್ನು ಅಡ್ಡದಾರಿಯಲ್ಲಿ ಕರೆದೊಯ್ಯಬಹುದು. ಹೊರಗಿನವರು ಕಾಣುವುದು ನಿಮಗೆ ಕಾಣುವುದಿಲ್ಲ.

ಈಗ ಓದುವುದು ಸುಲಭ. ಅ ಮತ್ತು ಆ ಬೇರೆ ಬೇರೆ ಇದ್ದರೆ ದೋಷ ತರುವ ಕಡೆ ಇದೆ. ಅ ಮತ್ತು ಆ ಒಂದೇ, ಇ ಮಾತ್ರ ಬೇರೆ ಎಂದಾದರೆ ತರುವುದು ಸರಿಯಾಗಿದೆ, ಕೊಡುವ ಕಡೆ ಕೆಟ್ಟಿದೆ. ಸಿಂಕನ್ನು (ಮೂಲದಿಂದ ಹೊಸದನ್ನು ತರುವ ಕೆಲಸವನ್ನು) ನಿಗದಿತ ಹೊತ್ತಿಗೆ ಓಡಿಸುವ ಕ್ರಾನ್ ಸ್ಕ್ರಿಪ್ಟ್ ಕೆದಕುತ್ತ ಕೂರಬೇಡಿ. ಮೂರೂ ಒಂದೇ ಆಗಿದ್ದೂ ದೂರು ಬರುತ್ತಿದ್ದರೆ ರೆಫ್‌ಗಳ ಆಚೆಗಿನ ಸಂಗತಿ ನೋಡಬೇಕು: ಹೆಡ್, ಎಲ್‌ಎಫ್‌ಎಸ್ (ದೊಡ್ಡ ಫೈಲ್‌ಗಳನ್ನು ಬೇರೆಡೆ ಇಡುವ ವ್ಯವಸ್ಥೆ), ಸಬ್‌ಮಾಡ್ಯೂಲ್ (ರೆಪೊದೊಳಗೆ ಸೇರಿಸಿದ ಇನ್ನೊಂದು ರೆಪೊ). ವ್ಯತ್ಯಾಸ ಸಿಕ್ಕಿದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಎರಡು ಪಟ್ಟಿಗಳ ನಡುವೆ ಮೂಲದಲ್ಲಿ ಯಾರಾದರೂ ಪುಶ್ ಮಾಡಿರಬಹುದು. ಒಂದು ಸಿಂಕ್ ಅವಧಿ ಕಳೆದ ಮೇಲೆ ಮತ್ತೊಮ್ಮೆ ತೆಗೆದು, ಅದೇ ರೆಫ್ ಇನ್ನೂ ಹಿಂದೆ ಇದೆಯೇ ನೋಡಿ.

ಕಮಿಟ್‌ನ ದಿನಾಂಕ ನೋಡಿ ಮಿರರ್ ಹಳೆಯದೆಂದು ಹೇಳುವುದು ತಪ್ಪು ದಾರಿ. ಆ ದಿನಾಂಕ ಬರೆದವರ ಗಡಿಯಾರದ್ದು, ಸಿಂಕ್ ಆದ ಹೊತ್ತಿನದಲ್ಲ. ಮೂರು ವಾರ ಹಿಂದೆ ಬರೆದ ಪ್ಯಾಚ್ ಇವತ್ತು ಸೇರಿರಬಹುದು. ಮಿರರ್ ಸರಿಯಾಗಿ ಐದೂವರೆ ಗಂಟೆ ಹಿಂದಿದೆ ಎಂಬ ದೂರು ಬಂದರೆ ಮುಕ್ಕಾಲು ಪಾಲು ಅದು ದೋಷವೇ ಅಲ್ಲ. ಒಂದು ಕಡೆ ಯುಟಿಸಿ (ಜಾಗತಿಕ ಸಮಯ), ಇನ್ನೊಂದು ಕಡೆ ನಮ್ಮ ಸಮಯ, ಅಷ್ಟೇ. ಸ್ಥಿತಿ ತೋರಿಸುವ ಪುಟದಲ್ಲಿ ಯುಟಿಸಿ ಎಂದು ಬರೆದೇ ಸಮಯ ಹಾಕಿ.

ಅ ಮತ್ತು ಆ ಬೇರೆ: ತರುವ ಕಡೆಯ ದೋಷ

ಇಲ್ಲಿ ಮೊದಲ ಪ್ರಶ್ನೆ, ಕೆಲಸ ನಡೆಯಿತೇ ಎಂದಲ್ಲ. ಏನನ್ನು ತರಲು ಹೇಳಿದ್ದೀರಿ ಎಂದು. ರೆಪೊದ ಒಳಗೆ ಹೋಗಿ ಇದನ್ನು ಕೊಡಿ:

ಗಿಟ್ ಕಾನ್ಫಿಗ್ --ಗೆಟ್-ಆಲ್ ರಿಮೋಟ್.ಒರಿಜಿನ್.ಫೆಚ್

ಬರಬೇಕಾದ ಉತ್ತರ ‘+ರೆಫ್ಸ್/*:ರೆಫ್ಸ್/*’. ಏನೂ ಬರದಿದ್ದರೆ ದೋಷ ಸಿಕ್ಕಿತು. ಯಾರೋ ‘ಗಿಟ್ ಕ್ಲೋನ್ --ಮಿರರ್’ ಬದಲು ‘ಗಿಟ್ ಕ್ಲೋನ್ --ಬೇರ್’ ಕೊಟ್ಟಿದ್ದಾರೆ. ಬೇರ್ ಕ್ಲೋನ್ ಆ ಹೊತ್ತಿಗೆ ಎಲ್ಲ ಬ್ರ್ಯಾಂಚ್‌ಗಳನ್ನೂ ತರುತ್ತದೆ, ಆದರೆ ಮುಂದೆ ಏನು ತರಬೇಕೆಂಬ ಸಾಲನ್ನು ಕಾನ್ಫಿಗ್‌ನಲ್ಲಿ ಬರೆಯುವುದಿಲ್ಲ. ಆಮೇಲೆ ಪ್ರತಿ ಸಲ ‘ಗಿಟ್ ಫೆಚ್’ ಕೊಟ್ಟಾಗ ಮೂಲದ ಹೆಡ್ ಒಂದನ್ನು ತಂದು ಫೆಚ್_ಹೆಡ್ ಎಂಬ ಫೈಲಿನಲ್ಲಿ ಇಟ್ಟು, ಸೊನ್ನೆ ಎಕ್ಸಿಟ್ ಕೋಡ್‌ನೊಂದಿಗೆ ಯಶಸ್ವಿಯಾಗಿ ಮುಗಿಯುತ್ತದೆ. ಬ್ರ್ಯಾಂಚ್ ಒಂದೂ ಕದಲುವುದಿಲ್ಲ. ಸ್ವಯಂಸೇವಕರ ಸರ್ವರ್‌ಗಳಲ್ಲಿ ಮೌನವಾಗಿ ಹಳತಾಗುವ ರೆಪೊಗಳಿಗೆ ಇದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದಿಲ್ಲ ಎಂದರೆ ತಪ್ಪಾಗದು. ಸರಿಪಡಿಸಲು ಮತ್ತೆ ಕ್ಲೋನ್ ಮಾಡಬೇಕಿಲ್ಲ:

ಗಿಟ್ ಕಾನ್ಫಿಗ್ ರಿಮೋಟ್.ಒರಿಜಿನ್.ಫೆಚ್ '+ರೆಫ್ಸ್/*:ರೆಫ್ಸ್/*'
ಗಿಟ್ ಕಾನ್ಫಿಗ್ ರಿಮೋಟ್.ಒರಿಜಿನ್.ಮಿರರ್ ಟ್ರೂ
ಗಿಟ್ ರಿಮೋಟ್ ಅಪ್‌ಡೇಟ್ --ಪ್ರೂನ್

ಆ ಸಾಲಿನ ಆರಂಭದ ‘+’ ಚಿಹ್ನೆ ಬಿಟ್ಟುಹೋಗಿದ್ದರೆ ಬೇರೆ ಬಗೆ. ಎಲ್ಲ ಬ್ರ್ಯಾಂಚ್‌ಗಳೂ ಸರಿ, ಮೂಲದಲ್ಲಿ ರೀಬೇಸ್ ಮಾಡಿ (ಇತಿಹಾಸ ತಿದ್ದಿ) ಫೋರ್ಸ್ ಪುಶ್ ಮಾಡಿದ ಒಂದೆರಡು ಮಾತ್ರ ‘ನಾನ್-ಫಾಸ್ಟ್-ಫಾರ್ವರ್ಡ್’ ಎಂದು ತಿರಸ್ಕೃತವಾಗುತ್ತವೆ. ಮೂಲದಲ್ಲಿ ಟ್ಯಾಗ್ ಅಳಿಸಿ ಅದೇ ಹೆಸರಲ್ಲಿ ಮತ್ತೆ ಹಾಕಿದ್ದರೆ ‘ವುಡ್ ಕ್ಲಾಬರ್ ಎಕ್ಸಿಸ್ಟಿಂಗ್ ಟ್ಯಾಗ್’ ಎಂಬ ಸಂದೇಶ ಗಿಟ್ 2.20ರಿಂದ ಈಚೆಗೆ ಬರುತ್ತದೆ. ಮದ್ದು ಒಂದೇ, ಆ ‘+’.

‘--ಪ್ರೂನ್’ ಇಲ್ಲದಿದ್ದರೆ ಮೂಲದಲ್ಲಿ ಅಳಿಸಿದ ಬ್ರ್ಯಾಂಚ್‌ಗಳು ಮಿರರ್‌ನಲ್ಲಿ ಉಳಿದುಬಿಡುತ್ತವೆ. ಅದು ಬರೀ ಕಸವಾಗಿ ಉಳಿಯುವುದಿಲ್ಲ. ಮೂಲದಲ್ಲಿ ‘ಅನುವಾದ’ ಎಂಬ ಬ್ರ್ಯಾಂಚ್ ಅಳಿಸಿ ‘ಅನುವಾದ/ಕನ್ನಡ’ ಎಂಬುದನ್ನು ಮಾಡಿದರೆ, ನಿಮ್ಮ ಡಿಸ್ಕ್‌ನಲ್ಲಿ ‘ಅನುವಾದ’ ಎಂಬ ಫೈಲ್ ಇನ್ನೂ ಇರುವುದರಿಂದ ಅದೇ ಹೆಸರಿನ ಫೋಲ್ಡರ್ ಮಾಡಲಾಗದು. ‘ಕೆನಾಟ್ ಲಾಕ್ ರೆಫ್’ ಎಂಬ ದೂರು ಬಂದು ಆ ರೆಫ್ ಹೊರಗೇ ಉಳಿಯುತ್ತದೆ. ‘ಗಿಟ್ ರಿಮೋಟ್ ಪ್ರೂನ್ ಒರಿಜಿನ್’ ಕೊಟ್ಟು ಮತ್ತೆ ತನ್ನಿ.

ಕನ್ನಡದಲ್ಲೇ ಬ್ರ್ಯಾಂಚ್ ಹೆಸರಿಡುವವರು ಇನ್ನೊಂದು ಸಂಗತಿ ತಿಳಿದಿರಬೇಕು. ‘ಕೊ’ ಎಂಬುದನ್ನು ಯುನಿಕೋಡ್‌ನಲ್ಲಿ ಒ-ಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಿಟ್‌ಗೆ ಅವು ಬೇರೆ ಬೇರೆ ಬೈಟ್‌ಗಳು, ಆದ್ದರಿಂದ ಬೇರೆ ಬೇರೆ ರೆಫ್‌ಗಳು. ಲಿನಕ್ಸ್‌ನಲ್ಲಿ ಎರಡೂ ಅಕ್ಕಪಕ್ಕ ಕೂರುತ್ತವೆ. ಮ್ಯಾಕ್‌ನಲ್ಲಿ ನಡೆಯುವ ಮಿರರ್‌ನಲ್ಲಿ ಒಂದರ ಮೇಲೊಂದು ಬಿದ್ದು, ಪ್ರತಿ ಸಿಂಕ್‌ನಲ್ಲೂ ಅದೇ ರೆಫ್ ಬದಲಾದಂತೆ ಕಾಣಬಹುದು. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ‘ಎಕ್ಸ್‌ಎಕ್ಸ್‌ಡಿ’ಗೆ ಕೊಟ್ಟು ಬೈಟ್ ನೋಡಿ. ರೆಫ್ ಹೆಸರಿನ ಒಂದು ಭಾಗ ಡಿಸ್ಕ್‌ನಲ್ಲಿ ಫೈಲ್ ಹೆಸರಾಗಿ ಕೂರಬೇಕು, ಅದಕ್ಕೆ ಮಿತಿ 255 ಬೈಟ್. ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ಅಂದರೆ 85 ಸಂಕೇತ, ಒತ್ತಕ್ಷರ ಕಾಗುಣಿತ ಎಲ್ಲ ಸೇರಿ, ಬಾಲದ ‘.ಲಾಕ್’ಗೂ ಜಾಗ ಬೇಕು. ಇನ್ನು ಲಾಗ್‌ನಲ್ಲಿ ಕನ್ನಡ ಫೈಲ್ ಹೆಸರಿನ ಬದಲು \340\262 ಎಂಬಂಥ ಅಂಕೆ ಕಂಡರೆ ಅದು ಕೆಡುಕಲ್ಲ, ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಅಕ್ಷರ ಕಾಣುತ್ತದೆ.

ಕೆಲಸ ನಡೆಯಿತೇ, ಸಿಕ್ಕಿಹಾಕಿಕೊಂಡಿತೇ

ಏನು ತರಬೇಕೆಂಬುದು ಸರಿ ಇದೆ, ಆದರೂ ಹಿಂದಿದೆ ಎಂದರೆ ಕ್ರಾನ್ ನೋಡಿ. ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಇಲ್ಲ ಎಂಬುದಕ್ಕೆ ಕಾರಣಗಳು ಹಳೆಯವೇ: ಕ್ರಾನ್‌ನ ಪಾತ್ ಕಿರಿದು, ನಿಮ್ಮ ಎಸ್‌ಎಸ್‌ಎಚ್ ಏಜೆಂಟ್ ಅದಕ್ಕೆ ಗೊತ್ತಿಲ್ಲ, ಸಾಲಿನಲ್ಲಿರುವ ಶೇಕಡಾ ಚಿಹ್ನೆಯನ್ನು ಅದು ಹೊಸ ಸಾಲೆಂದು ಓದುತ್ತದೆ.

ಅದಕ್ಕಿಂತ ಕೆಟ್ಟದ್ದು ಒಂದು ಒಳ್ಳೆಯ ಅಭ್ಯಾಸವೇ ಮಾಡುವ ತೊಂದರೆ. ಒಂದು ಸಿಂಕ್ ಮುಗಿಯುವ ಮುನ್ನ ಇನ್ನೊಂದು ಶುರುವಾಗಬಾರದೆಂದು ‘ಎಫ್‌ಲಾಕ್ -ಎನ್’ ಎಂಬ ಬೀಗ ಹಾಕಿರುತ್ತೀರಿ, ಸರಿಯಾದದ್ದೇ. ಒಂದು ದಿನ ಮೂಲದ ರೆಪೊ ಒಂದನ್ನು ಅದರ ಒಡೆಯರು ಖಾಸಗಿ ಮಾಡುತ್ತಾರೆ ಅಥವಾ ಅಳಿಸುತ್ತಾರೆ. ಎಚ್‌ಟಿಟಿಪಿಎಸ್ ಮೂಲಕ ಕೇಳಿದಾಗ ಗಿಟ್‌ಹಬ್ ‘ಇಲ್ಲ’ ಎನ್ನುವ ಬದಲು ಬಳಕೆದಾರರ ಹೆಸರು ಕೇಳುತ್ತದೆ. ಸ್ಕ್ರಿಪ್ಟನ್ನು ಟಿಮಕ್ಸ್ ಅಥವಾ ಸ್ಕ್ರೀನ್ (ಲಾಗ್‌ಔಟ್ ಆದರೂ ತೆರೆದೇ ಇರುವ ಟರ್ಮಿನಲ್) ಒಳಗೆ ಓಡಿಸಿದ್ದರೆ ಗಿಟ್ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ಬೀಗ ಅದರ ಕೈಯಲ್ಲೇ ಇರುತ್ತದೆ. ಮುಂದಿನ ಓಟ ಬೀಗ ನೋಡಿ ಸದ್ದಿಲ್ಲದೆ ಹಿಂದಿರುಗುತ್ತದೆ, ಅದರ ಮುಂದಿನದೂ ಹಾಗೆಯೇ. ಒಂದು ಸತ್ತ ರೆಪೊ ಇಡೀ ಮಿರರನ್ನು ಹೆಪ್ಪುಗಟ್ಟಿಸಿತು, ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ನೆಟ್ ಅರ್ಧದಲ್ಲಿ ಕಡಿದು, ಕನೆಕ್ಷನ್ ಜೀವವಿಲ್ಲದೆ ತೆರೆದೇ ಉಳಿದರೂ ಇದೇ ಗತಿ.

‘ಪಿಎಸ್ -ಇಒ ಪಿಐಡಿ,ಇಟೈಮ್,ಆರ್ಗ್ಸ್’ ಕೊಟ್ಟು ಗಿಟ್ ಸಾಲುಗಳ ಎರಡನೆಯ ಅಂಕಣ ನೋಡಿ. ಅಲ್ಲಿ ದಿನಗಟ್ಟಲೆ ಸಮಯ ಕಂಡರೆ ಇದೇ ಕಾಯಿಲೆ. ಸ್ಕ್ರಿಪ್ಟ್‌ನ ತಲೆಯಲ್ಲಿ ಹಾಗೂ ಕಾನ್ಫಿಗ್‌ನಲ್ಲಿ ಇವು ಇರಲಿ:

ಎಕ್ಸ್‌ಪೋರ್ಟ್ ಗಿಟ್_ಟರ್ಮಿನಲ್_ಪ್ರಾಂಪ್ಟ್=0
ಗಿಟ್ ಕಾನ್ಫಿಗ್ --ಗ್ಲೋಬಲ್ ಎಚ್‌ಟಿಟಿಪಿ.ಲೋಸ್ಪೀಡ್‌ಲಿಮಿಟ್ 1000
ಗಿಟ್ ಕಾನ್ಫಿಗ್ --ಗ್ಲೋಬಲ್ ಎಚ್‌ಟಿಟಿಪಿ.ಲೋಸ್ಪೀಡ್‌ಟೈಮ್ 60
ಟೈಮ್‌ಔಟ್ 30ಎಂ ಗಿಟ್ ರಿಮೋಟ್ ಅಪ್‌ಡೇಟ್ --ಪ್ರೂನ್

ನಡುವಿನ ಎರಡು ಸಾಲಿನ ಅರ್ಥ: ಸೆಕೆಂಡಿಗೆ 1000 ಬೈಟ್‌ಗಿಂತ ಕಡಿಮೆ ವೇಗ 60 ಸೆಕೆಂಡ್ ಎಳೆದರೆ ಕಡಿದುಬಿಡು. ಎಸ್‌ಎಸ್‌ಎಚ್ ಬಳಸುವವರು ಸರ್ವರ್‌ಅಲೈವ್‌ಇಂಟರ್ವಲ್ 30 ಇಡಿ. ಸಿಸ್ಟಮ್‌ಡಿ ಟೈಮರ್ ಬಳಸುವವರಿಗೆ ಒಂದು ಮಾತು. ಒನ್‌ಶಾಟ್ ಬಗೆಯ ಸರ್ವೀಸ್‌ಗೆ ತಾನಾಗಿ ಸಮಯದ ಮಿತಿ ಇರುವುದಿಲ್ಲ. ಟೈಮ್‌ಔಟ್‌ಸ್ಟಾರ್ಟ್‌ಸೆಕ್ ನೀವೇ ಬರೆಯಬೇಕು. ಟೈಮರ್‌ನಲ್ಲಿ ಪರ್ಸಿಸ್ಟೆಂಟ್=ಟ್ರೂ ಇದ್ದರೆ ಕರೆಂಟ್ ಇಲ್ಲದ ಹೊತ್ತಿನಲ್ಲಿ ತಪ್ಪಿದ ಓಟ, ಯಂತ್ರ ಎದ್ದ ಕೂಡಲೇ ಆಗುತ್ತದೆ. ಕ್ರಾನ್ ತಪ್ಪಿದ್ದನ್ನು ಬಿಟ್ಟೇ ಬಿಡುತ್ತದೆ.

ಸ್ಕ್ರಿಪ್ಟ್ ಹತ್ತಾರು ರೆಪೊಗಳನ್ನು ಸುತ್ತುತ್ತಿದ್ದರೆ ಅದರ ಎಕ್ಸಿಟ್ ಕೋಡ್ ಕೊನೆಯ ರೆಪೊದ್ದು ಮಾತ್ರ. ನಡುವಿನ ಏಳು ಸೋತು ಕೊನೆಯದು ಗೆದ್ದರೆ ಒಟ್ಟು ‘ಯಶಸ್ಸು’. ಔಟ್‌ಪುಟ್ಟನ್ನು ‘ಟೀ’ಗೆ ಪೈಪ್ ಮಾಡಿದ್ದರೆ ಸಿಗುವುದು ‘ಟೀ’ಯ ಕೋಡ್, ಗಿಟ್‌ನದಲ್ಲ. ಬ್ಯಾಷ್‌ನಲ್ಲಿ ‘ಸೆಟ್ -ಒ ಪೈಪ್‌ಫೇಲ್’ ಹಾಕಿ, ಸೋತವುಗಳನ್ನು ಎಣಿಸಿ, ಒಂದಾದರೂ ಇದ್ದರೆ ಸೊನ್ನೆಯಲ್ಲದ ಕೋಡ್ ಹಿಂದಿರುಗಿಸಿ.

ಮೂಲದವರು ಬಾಗಿಲು ಬದಲಿಸಿದಾಗ

ವರ್ಷಗಟ್ಟಲೆ ಓಡಿದ ಸಿಂಕ್ ಒಂದು ನಿರ್ದಿಷ್ಟ ದಿನದಿಂದ, ಒಂದೇ ಮೂಲದ ಎಲ್ಲ ರೆಪೊಗಳಿಗೂ ನಿಂತಿದ್ದರೆ ಆ ದಿನ ಅತ್ತ ಕಡೆ ಏನಾಯಿತು ನೋಡಿ. ಗಿಟ್‌ಹಬ್ 2021ರ ಆಗಸ್ಟ್ 13ರಂದು ಗಿಟ್ ಕೆಲಸಗಳಿಗೆ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು, 2022ರ ಮಾರ್ಚ್ 15ರಂದು ‘ಗಿಟ್://’ ವಿಳಾಸಗಳನ್ನು ಮುಚ್ಚಿತು, 2023ರ ಮಾರ್ಚ್ 24ರಂದು ತನ್ನ ಆರ್‌ಎಸ್‌ಎ ಹೋಸ್ಟ್ ಕೀ ಬದಲಿಸಿತು. ಕೊನೆಯದರಲ್ಲಿ ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಎಂಬ ದೊಡ್ಡಕ್ಷರದ ಎಚ್ಚರಿಕೆ ಬರುತ್ತದೆ. ಹಳೆಯ ಕೀಯನ್ನು ‘ಎಸ್‌ಎಸ್‌ಎಚ್-ಕೀಜೆನ್ -ಆರ್’ನಿಂದ ತೆಗೆಯುವ ಮುನ್ನ, ಹೊಸ ಬೆರಳಚ್ಚನ್ನು ಅವರೇ ಪ್ರಕಟಿಸಿದ ಪುಟದ ಜೊತೆ ಅಕ್ಷರ ಅಕ್ಷರ ಹೋಲಿಸಿ. ಎಚ್ಚರಿಕೆ ಬಾರದಂತೆ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ಅನ್ನು ನೋ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ನೂರಾರು ಜನ ನಂಬಿ ಕೋಡ್ ಇಳಿಸುವ ಮಿರರ್‌ನಲ್ಲಿ ಅದನ್ನು ದಯವಿಟ್ಟು ಮಾಡಬೇಡಿ.

ಟಿಎಲ್‌ಎಸ್ ಸರ್ಟಿಫಿಕೇಟ್ ದೂರು ಬಂದರೆ ಮೊದಲು ‘ಟೈಮ್‌ಡೇಟ್‌ಸಿಟಿಎಲ್’ ಕೊಡಿ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ರಾತ್ರಿಯಿಡೀ ಕರೆಂಟ್ ಹೋಗಿ ಬೆಳಿಗ್ಗೆ ಎದ್ದಾಗ ಅದಕ್ಕೆ ಇನ್ನೂ ನಿನ್ನೆ. ಎನ್‌ಟಿಪಿ (ನೆಟ್‌ನಿಂದ ಸರಿಯಾದ ಸಮಯ) ಸಿಗುವ ತನಕ ‘ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಹಟ ಹಿಡಿಯಬಹುದು. ಸರ್ವೀಸ್ ಫೈಲ್‌ನಲ್ಲಿ ಆಫ್ಟರ್=ಟೈಮ್-ಸಿಂಕ್.ಟಾರ್ಗೆಟ್ ಸೇರಿಸಿ, ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್ ಸರ್ವೀಸನ್ನು ಚಾಲೂ ಮಾಡಿ. ಗಡಿಯಾರ ಸರಿ ಇದ್ದರೆ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ನೋಡಿ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಹಳೆಯ ಯಂತ್ರಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವ ತಾಣಗಳು ಒಮ್ಮೆಲೇ ಅಪರಿಚಿತವಾದವು.

‘ಡಿಟೆಕ್ಟೆಡ್ ಡ್ಯೂಬಿಯಸ್ ಓನರ್‌ಶಿಪ್’ ಎಂದರೆ ರೆಪೊದ ಒಡೆತನ ಒಬ್ಬರದು, ಗಿಟ್ ಓಡಿಸುತ್ತಿರುವವರು ಇನ್ನೊಬ್ಬರು. 2022ರ ಏಪ್ರಿಲ್‌ನಲ್ಲಿ ಬಂದ 2.35.2ರಿಂದ ಈ ತಡೆ ಇದೆ. ಯಾರೋ ರೂಟ್ ಆಗಿ ಒಮ್ಮೆ ಕ್ಲೋನ್ ಮಾಡಿಟ್ಟಿರುತ್ತಾರೆ. ಸೇಫ್.ಡೈರೆಕ್ಟರಿಗೆ ನಕ್ಷತ್ರ ಚಿಹ್ನೆ ಹಾಕಿ ಬಾಯಿ ಮುಚ್ಚಿಸುವ ಬದಲು ‘ಚೌನ್ -ಆರ್’ನಿಂದ ಒಡೆತನ ಸರಿಪಡಿಸಿ.

ಕರೆಂಟು, ಡಿಸ್ಕು, ಮೆಮೊರಿ

ನಮ್ಮ ಕಡೆ ಅರ್ಧಕ್ಕರ್ಧ ದೋಷಗಳ ಬೇರು ಇಲ್ಲಿದೆ. ಫೆಚ್ ನಡೆಯುವಾಗ ಕರೆಂಟ್ ಹೋದರೆ ಮೂರು ಬಗೆಯ ಗುರುತು ಉಳಿಯುತ್ತದೆ.

ಮೊದಲನೆಯದು ಬೀಗದ ಫೈಲ್. ‘ಪ್ಯಾಕ್ಡ್-ರೆಫ್ಸ್.ಲಾಕ್’ ಉಳಿದುಕೊಂಡರೆ ‘ಇನ್ನೊಂದು ಗಿಟ್ ಓಡುತ್ತಿದೆ’ ಎನ್ನುತ್ತದೆ. ನಿಜವಾಗಿ ಯಾವುದೂ ಓಡುತ್ತಿಲ್ಲವೆಂದು ‘ಪಿಎಸ್’ನಲ್ಲಿ ಖಚಿತ ಮಾಡಿಕೊಂಡು ಅಳಿಸಿ. ಬೂಟ್ ಆದಾಗ ಕಣ್ಣುಮುಚ್ಚಿ ಎಲ್ಲ ಲಾಕ್ ಅಳಿಸುವ ಸ್ಕ್ರಿಪ್ಟ್ ಬೇಡ. ಪರ್ಸಿಸ್ಟೆಂಟ್ ಟೈಮರ್ ಅದೇ ಹೊತ್ತಿಗೆ ಕೆಲಸ ಶುರು ಮಾಡಿರುತ್ತದೆ. ಎರಡನೆಯದು ‘ಆಬ್ಜೆಕ್ಟ್ಸ್/ಪ್ಯಾಕ್’ ಒಳಗೆ ‘ಟಿಎಂಪಿ_ಪ್ಯಾಕ್_’ ಎಂದು ಶುರುವಾಗುವ ಅರ್ಧಂಬರ್ಧ ಫೈಲ್‌ಗಳು. ದೊಡ್ಡ ರೆಪೊದಲ್ಲಿ ಒಂದೊಂದೂ ಗಿಗಾಬೈಟ್‌ಗಟ್ಟಲೆ ಇರಬಹುದು. ನಾಲ್ಕು ಸಲ ಕಡಿದರೆ ಡಿಸ್ಕ್ ತುಂಬುತ್ತದೆ. ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿಎಚ್’ ಕೊಟ್ಟರೆ ಗಾರ್ಬೇಜ್ ಸಾಲಿನಲ್ಲಿ ಗಾತ್ರ ಕಾಣುತ್ತದೆ. ‘ಡಿಎಫ್ -ಎಚ್’ ಜೊತೆಗೆ ‘ಡಿಎಫ್ -ಐ’ ಕೂಡ ನೋಡಿ, ಜಾಗವಿದ್ದೂ ಐನೋಡ್ (ಡಿಸ್ಕ್ ಹಿಡಿಯುವ ಫೈಲ್‌ಗಳ ಸಂಖ್ಯೆಯ ಮಿತಿ) ಮುಗಿದಿರಬಹುದು.

ಮೂರನೆಯದು ಕೆಟ್ಟದ್ದು: ಸೊನ್ನೆ ಬೈಟ್‌ನ ಆಬ್ಜೆಕ್ಟ್ (ಗಿಟ್ ತನ್ನ ದತ್ತಾಂಶ ಇಡುವ ಫೈಲ್) ಅಥವಾ ರೆಫ್ ಫೈಲ್.

ಫೈಂಡ್ ಆಬ್ಜೆಕ್ಟ್ಸ್ ರೆಫ್ಸ್ -ಟೈಪ್ ಎಫ್ -ಸೈಜ್ 0

ಏನಾದರೂ ಬಂದರೆ ಟೈಮರ್ ನಿಲ್ಲಿಸಿ. ಆ ಖಾಲಿ ಫೈಲ್‌ಗಳನ್ನು ಬೇರೆಡೆ ಸರಿಸಿ, ‘ಗಿಟ್ ಫೆಚ್ --ರೀಫೆಚ್ ಒರಿಜಿನ್’ ಕೊಡಿ, ನಂತರ ‘ಗಿಟ್ ಎಫ್‌ಎಸ್‌ಸಿಕೆ --ಫುಲ್’. ರೀಫೆಚ್ ಗಿಟ್ 2.36ರಿಂದ ಇದೆ. ಸಾಮಾನ್ಯ ಫೆಚ್ ‘ಇದು ನನ್ನ ಬಳಿ ಇದೆ’ ಎಂದು ಮೂಲಕ್ಕೆ ಹೇಳಿ ಅದರ ಮುಂದಿನದನ್ನಷ್ಟೇ ತರುತ್ತದೆ, ಹಾಳಾದದ್ದು ಹಾಗೆಯೇ ಉಳಿಯುತ್ತದೆ. ರೀಫೆಚ್ ಎಲ್ಲವನ್ನೂ ಹೊಸದಾಗಿ ಕೇಳುತ್ತದೆ. ಎಫ್‌ಎಸ್‌ಸಿಕೆ ‘ಡ್ಯಾಂಗ್ಲಿಂಗ್’ ಎಂದರೆ ಗಾಬರಿ ಬೇಡ, ‘ಮಿಸ್ಸಿಂಗ್’ ಅಥವಾ ‘ಕರಪ್ಟ್’ ಎಂದರೆ ಮಾತ್ರ ತೊಂದರೆ. ಕೋರ್.ಎಫ್‌ಸಿಂಕ್ ಅನ್ನು ಆಲ್ ಎಂದಿಟ್ಟರೆ ಇಂಥದ್ದು ಮುಂದೆ ಅಪರೂಪವಾಗುತ್ತದೆ. ಬರೆಯುವುದು ಸ್ವಲ್ಪ ನಿಧಾನ, ಮಿರರ್‌ಗೆ ಅದು ದೊಡ್ಡ ಮಾತಲ್ಲ.

ಪೈ ಯಂತ್ರದಲ್ಲಿ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಕೊಟ್ಟು ನೋಡಿ. 0ಎಕ್ಸ್0 ಬಂದರೆ ಸರಿ. 0ಎಕ್ಸ್50000 ಬಂದರೆ, ಬೂಟ್ ಆದ ಮೇಲೆ ಎಂದೋ ವೋಲ್ಟೇಜ್ ಕುಸಿದು ವೇಗ ತಗ್ಗಿದೆ ಎಂದರ್ಥ. ಫೋನ್ ಚಾರ್ಜರ್ ತೆಗೆದು 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಹಾಕಿ, ಡಿಸ್ಕ್‌ಗೆ ಸ್ವಂತ ಪವರ್ ಇರುವ ಹಬ್ ಕೊಡಿ. ವೋಲ್ಟೇಜ್ ಕುಸಿದಾಗ ಡಿಸ್ಕ್ ಕಳಚಿಕೊಂಡು ರೀಡ್-ಓನ್ಲಿ ಆಗುತ್ತದೆ. ಬೂಟ್‌ನಲ್ಲಿ ಡಿಸ್ಕ್ ಮೌಂಟ್ ಆಗದೇ ಹೋದರೆ ಇನ್ನೂ ಮೋಸ: /ಎಸ್‌ಆರ್‌ವಿ/ಗಿಟ್ ಖಾಲಿ ಫೋಲ್ಡರ್ ಆಗಿ ಕಾಣುತ್ತದೆ, ‘ಇಲ್ಲದಿದ್ದರೆ ಕ್ಲೋನ್ ಮಾಡು’ ಎಂದು ಬರೆದ ಸ್ಕ್ರಿಪ್ಟ್ ಎಲ್ಲವನ್ನೂ ಎಸ್‌ಡಿ ಕಾರ್ಡ್‌ಗೆ ಇಳಿಸಲು ಹೊರಡುತ್ತದೆ, ಕಾರ್ಡ್ ತುಂಬಿ ಯಂತ್ರವೇ ಮಲಗುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲೇ ಇದಾಗಿರಲಿ:

ಮೌಂಟ್‌ಪಾಯಿಂಟ್ -ಕ್ಯೂ /ಎಸ್‌ಆರ್‌ವಿ/ಗಿಟ್ || ಎಕ್ಸಿಟ್ 1

ಬೇಸಿಗೆಯಲ್ಲಿ, ಅದೂ ಶೀಟಿನ ಮನೆಯಲ್ಲಿ ಇಟ್ಟಿದ್ದರೆ, ಪೈ 80 ಡಿಗ್ರಿ ಮುಟ್ಟಿದ ಕೂಡಲೇ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗ 30 ನಿಮಿಷದ ಟೈಮ್‌ಔಟ್ ಸಾಲದೆ ದೊಡ್ಡ ರೆಪೊ ಮಾತ್ರ ಪ್ರತಿ ಮಧ್ಯಾಹ್ನ ಸೋಲುತ್ತದೆ, ರಾತ್ರಿ ಗೆಲ್ಲುತ್ತದೆ. ಲಾಗ್‌ನಲ್ಲಿ ಸೋಲಿನ ಗಂಟೆಗಳನ್ನು ಬರೆದುಕೊಂಡು ನೋಡಿದರೆ ಗೊತ್ತಾಗುತ್ತದೆ.

‘ಡೈಡ್ ಆಫ್ ಸಿಗ್ನಲ್ 9’ ಎಂದರೆ ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದಿದೆ. ಪ್ಯಾಕ್.ಥ್ರೆಡ್ಸ್ 1, ಪ್ಯಾಕ್.ವಿಂಡೋಮೆಮೊರಿ 100ಎಂ ಇಡಿ. ಎರಡನೆಯದು ಪ್ರತಿ ಥ್ರೆಡ್‌ಗೆ ಅನ್ವಯ ಎಂಬುದು ನೆನಪಿರಲಿ. ಜಿಸಿ (ಗಿಟ್ ತನ್ನ ಕಸ ಗುಡಿಸುವ ಕೆಲಸ) ಹೀಗೆ ಒಮ್ಮೆ ಸೋತರೆ ರೆಪೊದಲ್ಲಿ ‘ಜಿಸಿ.ಲಾಗ್’ ಉಳಿಯುತ್ತದೆ, ಅದಿರುವ ತನಕ ಒಂದು ದಿನ ತಾನಾಗಿ ಜಿಸಿ ನಡೆಯದು.

ನೆಟ್ ಕಡಿಯುವ ಕಡೆ ದೊಡ್ಡ ರೆಪೊ ತರುವುದು

‘ಅರ್ಲಿ ಇಒಎಫ್’, ‘ಆರ್‌ಪಿಸಿ ಫೇಲ್ಡ್’ ಬಂದಾಗ ಎಚ್‌ಟಿಟಿಪಿ.ಪೋಸ್ಟ್‌ಬಫರ್ ಹೆಚ್ಚಿಸಿ ಎಂದು ಬಹಳ ಜನ ಹೇಳುತ್ತಾರೆ. ಅದು ನೀವು ಕಳಿಸುವ ದತ್ತಾಂಶದ ಬಫರ್. ತರುವಾಗಿನ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಸಮಸ್ಯೆ, ಗಿಟ್ ಕ್ಲೋನ್ ಕಡಿದಲ್ಲಿಂದ ಮುಂದುವರಿಯುವುದಿಲ್ಲ, ಶೇಕಡಾ 97ಕ್ಕೆ ಕಡಿದರೂ ಮೊದಲಿನಿಂದ ಶುರು.

ಬಂಡಲ್ (ಇಡೀ ರೆಪೊ ಇರುವ ಒಂದೇ ಫೈಲ್) ಬಳಸಿ. ಕರ್ನಲ್.ಆರ್ಗ್ ತನ್ನ ಮುಖ್ಯ ರೆಪೊಗಳ ಕ್ಲೋನ್ ಬಂಡಲ್ ಕೊಡುತ್ತದೆ. ಅದು ಸಾಮಾನ್ಯ ಫೈಲ್, ‘ಡಬ್ಲ್ಯುಗೆಟ್ -ಸಿ’ ಎಷ್ಟು ಸಲ ಕಡಿದರೂ ಮುಂದುವರಿಸುತ್ತದೆ. ಮೂಲದವರು ಕೊಡದಿದ್ದರೆ ಸೋದರ ಮಿರರ್‌ನಲ್ಲೇ ಮಾಡಿಕೊಳ್ಳಿ. ದಾವಣಗೆರೆಯಲ್ಲಿ:

ಗಿಟ್ ಬಂಡಲ್ ಕ್ರಿಯೇಟ್ ರೆಪೊ.ಬಂಡಲ್ --ಆಲ್
ಗಿಟ್ ಬಂಡಲ್ ವೆರಿಫೈ ರೆಪೊ.ಬಂಡಲ್

ಚಿತ್ರದುರ್ಗಕ್ಕೆ ಹೈವೇಯಲ್ಲಿ ಸುಮಾರು 60 ಕಿಲೋಮೀಟರ್. ಹೋಗುವವರ ಜೇಬಿನಲ್ಲಿ ಪೆನ್‌ಡ್ರೈವ್ ಕಳಿಸುವುದು ನಾಚಿಕೆಯ ವಿಷಯವಲ್ಲ, ನಿಧಾನದ ಲೈನಿಗಿಂತ ಬಸ್ಸೇ ಬೇಗ ತಲುಪಿಸುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಅಲ್ಲಿ ತಲುಪಿದ ಮೇಲೆ ಬಂಡಲ್‌ನಿಂದ ‘ಗಿಟ್ ಕ್ಲೋನ್ --ಮಿರರ್’, ನಂತರ ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್’ ಕೊಟ್ಟು ಮೂಲದ ವಿಳಾಸ ಹಾಕಿ. ಈ ಎರಡನೆಯ ಹೆಜ್ಜೆ ಮರೆತರೆ ಮಿರರ್ ಪೆನ್‌ಡ್ರೈವ್‌ನ ಫೈಲಿಗೇ ಸಿಂಕ್ ಆಗಲು ಹೊರಡುತ್ತದೆ.

ಗಿಟ್ ರೆಪೊವನ್ನು ಆರ್‌ಸಿಂಕ್‌ನಿಂದ ನಕಲಿಸುವುದು ಬೇಡ. ಅದು ‘ಆಬ್ಜೆಕ್ಟ್ಸ್’ ಫೋಲ್ಡರ್ ಮುಗಿಸಿ ಆಮೇಲೆ ‘ರೆಫ್ಸ್’ಗೆ ಬರುತ್ತದೆ. ನಡುವೆ ಅತ್ತ ಕಡೆ ಪುಶ್ ಆದರೆ, ಹೊಸ ರೆಫ್ ಬಂತು, ಅದು ತೋರಿಸುವ ಆಬ್ಜೆಕ್ಟ್ ಬರಲಿಲ್ಲ. ಅತ್ತ ಜಿಸಿ ನಡೆಯುತ್ತಿದ್ದರಂತೂ ಹಳೆಯ ಪ್ಯಾಕ್ ಹೋಗಿ ಹೊಸದು ಬಾರದ ಸ್ಥಿತಿ. ಗಿಟ್ ಫೆಚ್ ಆಬ್ಜೆಕ್ಟ್‌ಗಳೆಲ್ಲ ಬಂದು ಪರೀಕ್ಷೆಯಾದ ಮೇಲೆಯೇ ರೆಫ್ ಬದಲಿಸುತ್ತದೆ.

ಎರಡು ಮಿರರ್‌ಗಳು ಸರಪಳಿಯಲ್ಲಿದ್ದರೆ ತಡ ಕೂಡುತ್ತ ಹೋಗುತ್ತದೆ. ಪ್ರತಿ 30 ನಿಮಿಷಕ್ಕೊಮ್ಮೆ ದಾವಣಗೆರೆ ಮೂಲದಿಂದ, ಚಿತ್ರದುರ್ಗ ದಾವಣಗೆರೆಯಿಂದ ತರುತ್ತಿದ್ದರೆ ಒಂದು ಗಂಟೆಯವರೆಗಿನ ತಡ ದೋಷವಲ್ಲ. ಪರಸ್ಪರ ತರುವಂತೆ ಮಾತ್ರ ಎಂದೂ ಕಟ್ಟಬೇಡಿ. ಪ್ರತಿ ಓಟದಲ್ಲೂ ಅದೇ ಬ್ರ್ಯಾಂಚ್ ‘ಫೋರ್ಸ್ಡ್ ಅಪ್‌ಡೇಟ್’ ಎಂದು ಕಂಡರೆ ಆ ರೆಪೊಗೆ ಇಬ್ಬರು ಬರೆಯುತ್ತಿದ್ದಾರೆ. ಹಳೆಯ ಕ್ರಾನ್ ಸಾಲು ಇನ್ನೊಬ್ಬರ ಖಾತೆಯಲ್ಲಿ ಉಳಿದಿದೆಯೇ ಹುಡುಕಿ.

ಆ ಸರಿ, ಇ ಬೇರೆ: ಕೊಡುವ ಕಡೆಯ ದೋಷ

ಮಿರರ್‌ನ ವಿಳಾಸದ ಕೊನೆಗೆ ‘/ಇನ್‌ಫೊ/ರೆಫ್ಸ್?ಸರ್ವೀಸ್=ಗಿಟ್-ಅಪ್‌ಲೋಡ್-ಪ್ಯಾಕ್’ ಸೇರಿಸಿ ಕರ್ಲ್‌ನಿಂದ ತೆಗೆಯಿರಿ. ಉತ್ತರ ‘001ಇ#’ ಎಂದು ಶುರುವಾದರೆ ಸ್ಮಾರ್ಟ್ ಎಚ್‌ಟಿಟಿಪಿ, ಗಿಟ್ ತಾನೇ ಉತ್ತರಿಸುತ್ತಿದೆ. ಬರೀ ಹ್ಯಾಶ್ ಮತ್ತು ರೆಫ್ ಸಾಲುಗಳಿದ್ದರೆ ಡಂಬ್ ಎಚ್‌ಟಿಟಿಪಿ: ವೆಬ್ ಸರ್ವರ್ (ಎಂಜಿನ್‌ಎಕ್ಸ್) ಒಂದು ಫೈಲನ್ನು ಓದಿ ಕೊಡುತ್ತಿದೆ. ಆ ಫೈಲನ್ನು ಹೊಸದಾಗಿಸುವುದು ‘ಗಿಟ್ ಅಪ್‌ಡೇಟ್-ಸರ್ವರ್-ಇನ್‌ಫೊ’. ಪೋಸ್ಟ್-ಅಪ್‌ಡೇಟ್ ಹುಕ್‌ನಲ್ಲಿ ಅದನ್ನು ಇಟ್ಟಿದ್ದೇವಲ್ಲ ಎಂದು ಕೇಳುವವರಿಗೆ ಉತ್ತರ: ಆ ಹುಕ್ ಪುಶ್ ಬಂದಾಗ ಓಡುತ್ತದೆ, ಫೆಚ್ ಮಾಡಿದಾಗ ಓಡುವುದಿಲ್ಲ. ತರುವ ಮಿರರ್‌ನಲ್ಲಿ ಅದು ಎಂದೂ ಓಡಿಲ್ಲ. ಸ್ಕ್ರಿಪ್ಟ್‌ನಲ್ಲಿ ಫೆಚ್ ಆದ ಕೂಡಲೇ ಆ ಆಜ್ಞೆ ಹಾಕಿ, ಆದರೆ ಗಿಟ್-ಎಚ್‌ಟಿಟಿಪಿ-ಬ್ಯಾಕೆಂಡ್‌ಗೆ ಬದಲಾಗುವುದೇ ಒಳ್ಳೆಯದು.

ಒಂದೇ ಹೆಸರಿನ ಹಿಂದೆ ಎರಡೂ ಊರಿನ ಯಂತ್ರಗಳಿದ್ದರೆ ‘ಒಮ್ಮೆ ಹೊಸದು, ಒಮ್ಮೆ ಹಳೆಯದು’ ಎಂಬ ದೂರು ಬರುತ್ತದೆ. ‘ಕರ್ಲ್ --ರಿಸಾಲ್ವ್’ ಕೊಟ್ಟು ಒಂದೊಂದು ಐಪಿಯನ್ನೂ ಪ್ರತ್ಯೇಕ ಕೇಳಿ. ‘-4’ ಮತ್ತು ‘-6’ ಎರಡನ್ನೂ ಮಾಡಿ; ಯಂತ್ರ ಬದಲಿಸಿದಾಗ ಎ ದಾಖಲೆ ತಿದ್ದಿ, ಐಪಿವಿ6ನ ಕ್ವಾಡ್-ಎ ದಾಖಲೆ ಮರೆತಿರುವುದು ಸಾಮಾನ್ಯ.

ಮೂರೂ ಒಂದೇ, ಆದರೂ ದೂರು

ಕ್ಲೋನ್ ಮಾಡಿದರೆ ಖಾಲಿ ಫೋಲ್ಡರ್ ಬರುತ್ತದೆ ಎಂದರೆ ಹೆಡ್ ನೋಡಿ. ಮೂಲದವರು ಮಾಸ್ಟರ್ ಬಿಟ್ಟು ಮೇನ್‌ಗೆ ಹೋದಾಗ ಗಿಟ್‌ನ ಹಳೆಯ ಆವೃತ್ತಿಗಳಲ್ಲಿ ‘ಗಿಟ್ ರಿಮೋಟ್ ಅಪ್‌ಡೇಟ್’ ಮಿರರ್‌ನ ಹೆಡ್ ಬದಲಿಸುವುದಿಲ್ಲ, ಪ್ರೂನ್ ಮಾಸ್ಟರನ್ನು ಅಳಿಸಿಬಿಡುತ್ತದೆ, ಹೆಡ್ ಇಲ್ಲದ ಬ್ರ್ಯಾಂಚ್ ತೋರಿಸುತ್ತ ನಿಲ್ಲುತ್ತದೆ. ‘ಗಿಟ್ ಎಲ್‌ಎಸ್-ರಿಮೋಟ್ --ಸಿಮ್‌ರೆಫ್ ಮೂಲ ಹೆಡ್’ ಕೊಟ್ಟರೆ ಸರಿಯಾದ ಹೆಸರು ಸಿಗುತ್ತದೆ, ‘ಗಿಟ್ ಸಿಂಬಾಲಿಕ್-ರೆಫ್ ಹೆಡ್ ರೆಫ್ಸ್/ಹೆಡ್ಸ್/ಮೇನ್’ ಅದನ್ನು ಸರಿಪಡಿಸುತ್ತದೆ. ಫಾಂಟ್ ಫೈಲ್ 130 ಬೈಟ್‌ನಷ್ಟೇ ಇದ್ದು ತೆರೆದರೆ ‘ವರ್ಷನ್’ ಎಂಬ ಸಾಲು ಕಂಡರೆ ಅದು ಎಲ್‌ಎಫ್‌ಎಸ್‌ನ ಗುರುತು ಚೀಟಿ, ಫೈಲ್ ಅಲ್ಲ. ‘ಗಿಟ್ ಎಲ್‌ಎಫ್‌ಎಸ್ ಫೆಚ್ --ಆಲ್’ ಬೇರೆಯಾಗಿ ಓಡಿಸಬೇಕು, ಹೊರಗೆ ಕೊಡಲು ಎಲ್‌ಎಫ್‌ಎಸ್ ಸರ್ವರ್ ಕೂಡ ಬೇಕು. ಸಬ್‌ಮಾಡ್ಯೂಲ್‌ಗಳ ಪೂರ್ಣ ವಿಳಾಸ ಮೂಲದ್ದೇ ಆಗಿರುತ್ತದೆ; ಬಳಸುವವರು ತಮ್ಮ ಕಡೆ ‘ಇನ್‌ಸ್ಟೆಡ್‌ಆಫ್’ (ಒಂದು ವಿಳಾಸದ ಬದಲು ಇನ್ನೊಂದನ್ನು ಬಳಸುವ ಕಾನ್ಫಿಗ್ ಸಾಲು) ಇಟ್ಟುಕೊಳ್ಳಬೇಕು.

ಗಿಟ್‌ಹಬ್‌ನಿಂದ ತಂದ ಮಿರರನ್ನು ‘ಗಿಟ್ ಪುಶ್ --ಮಿರರ್’ನಿಂದ ಗಿಟ್‌ಹಬ್‌ನಲ್ಲೇ ಇನ್ನೊಂದು ಕಡೆಗೆ ತಳ್ಳುವವರಿಗೆ ‘ಡಿನೈ ಅಪ್‌ಡೇಟಿಂಗ್ ಎ ಹಿಡನ್ ರೆಫ್’ ಬರುತ್ತದೆ. ‘ರೆಫ್ಸ್/ಪುಲ್’ ಅಡಿಯವು ಅವು. ತರುವಾಗಲೇ ಹೆಡ್ಸ್ ಮತ್ತು ಟ್ಯಾಗ್ಸ್ ಎರಡಕ್ಕೆ ಸೀಮಿತಗೊಳಿಸಿ. ಆಮೇಲೆ ಅ ಮತ್ತು ಆ ಹೋಲಿಸುವಾಗಲೂ ‘--ಹೆಡ್ಸ್ --ಟ್ಯಾಗ್ಸ್’ ಸೇರಿಸಬೇಕು, ಇಲ್ಲದಿದ್ದರೆ ಎಂದೂ ಹೊಂದುವುದಿಲ್ಲ.

ಮೂಲವೇ ಅಳಿದಾಗ

ಮೂಲದ ಖಾತೆ ಯಾರದೋ ಕೈಸೇರಿ ಬ್ರ್ಯಾಂಚ್‌ಗಳನ್ನೆಲ್ಲ ಅಳಿಸಿದರೆ, ನಿಷ್ಠೆಯಿಂದ ಸಿಂಕ್ ಆಗುವ ಮಿರರ್ ಅರ್ಧ ಗಂಟೆಯಲ್ಲಿ ತಾನೂ ಖಾಲಿಯಾಗುತ್ತದೆ. ಬೇರ್ ರೆಪೊದಲ್ಲಿ ರೆಫ್‌ಲಾಗ್ (ರೆಫ್ ಮೊದಲು ಎಲ್ಲಿತ್ತೆಂಬ ದಾಖಲೆ) ತಾನಾಗಿ ಇರುವುದಿಲ್ಲ, ಕೋರ್.ಲಾಗ್‌ಆಲ್‌ರೆಫ್‌ಅಪ್‌ಡೇಟ್ಸ್ ಅನ್ನು ಆಲ್ವೇಸ್ ಮಾಡಿ. ಆದರೆ ರೆಫ್ ಅಳಿದರೆ ಅದರ ಲಾಗೂ ಅಳಿಯುತ್ತದೆ, ಆದ್ದರಿಂದ ಪ್ರತಿ ಓಟದ ಮುನ್ನ ‘ಗಿಟ್ ಷೋ-ರೆಫ್’ ಪಟ್ಟಿಯನ್ನು ದಿನಾಂಕದ ಹೆಸರಲ್ಲಿ ಉಳಿಸಿ. ಕೆಲವೇ ಕೆಬಿ, ಅಷ್ಟೇ. ಯಾರಿಗೂ ಬೇಡವಾದ ಆಬ್ಜೆಕ್ಟ್‌ಗಳಲ್ಲಿ ಫೈಲ್ ಎರಡು ವಾರಕ್ಕಿಂತ ಹಳೆಯದಾದವನ್ನು ಜಿಸಿ ಅಳಿಸುತ್ತದೆ. ಅದು ನಡೆಯುವ ಮುನ್ನವೇ ಆ ಪಟ್ಟಿಯಿಂದ ‘ಗಿಟ್ ಅಪ್‌ಡೇಟ್-ರೆಫ್’ ಕೊಟ್ಟರೆ ಎಲ್ಲವೂ ಮರಳುತ್ತವೆ. ಸ್ಕ್ರಿಪ್ಟ್‌ಗೆ ಒಂದು ತಡೆಯೂ ಇರಲಿ: ಮೂಲದ ಪಟ್ಟಿ ನಿನ್ನೆಯ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಪ್ರೂನ್ ಮಾಡದೆ ನಿಂತು, ಮನುಷ್ಯರನ್ನು ಕರೆಯಲಿ.

‘ಕೊನೆಯ ಸಿಂಕ್’ ಸಮಯ ಬರೆಯುವ ಫೈಲನ್ನು ಫೆಚ್ ಮುಗಿದಾಗ ಮುಟ್ಟಬೇಡಿ. ಅ, ಆ, ಇ ಮೂರರ ಮೊತ್ತ ಹೊಂದಿದಾಗ ಮಾತ್ರ ಅದು ಬದಲಾಗಬೇಕು, ಇ ಪಟ್ಟಿಯನ್ನು ಇನ್ನೊಂದು ಊರಿನ ಯಂತ್ರ ತೆಗೆಯಬೇಕು: ದಾವಣಗೆರೆಯದನ್ನು ಚಿತ್ರದುರ್ಗ, ಚಿತ್ರದುರ್ಗದ್ದನ್ನು ದಾವಣಗೆರೆ. ಆ ಫೈಲ್ ಮೂರು ಸಿಂಕ್ ಅವಧಿ ಮೀರಿ ಹಳೆಯದಾದರೆ ಇಬ್ಬರಿಗೂ ಸಂದೇಶ ಹೋಗಲಿ. ಸಂದೇಶದಲ್ಲಿ ಮೂರು ಮೊತ್ತಗಳು, ‘ಡಿಫ್’ನ ಮೊದಲ ಹತ್ತು ಸಾಲು, ಗಿಟ್ ಆವೃತ್ತಿ, ‘ಡಿಎಫ್ -ಎಚ್’ ಮತ್ತು ‘ಅಪ್‌ಟೈಮ್’ ಇದ್ದರೆ, ರಾತ್ರಿ ಫೋನ್‌ನಲ್ಲಿ ಓದುವವರಿಗೂ ಯಾವ ಕಡೆಯಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.